ಪುಟ್ಟಣ್ಣನ ಅತಿ ಕೆಟ್ಟ ಸಿನಿಮಾ ಯಾವುದು ಅಂತ ಕೇಳಿದರೆ ತಪ್ಪೇನು?

ಪುಟ್ಟಣ್ಣ ಕಣಗಾಲರ ಅತ್ಯುತ್ತಮ ಚಿತ್ರ ಯಾವುದು ಅಂತ ಯಾರನ್ನಾದರೂ ಕೇಳಿ ನೋಡಿ. ಮಗ್ಗಿ ಒಪ್ಪಿಸಿದ ಹಾಗೆ ಉತ್ತರ ಬರುತ್ತದೆ. ನಾಗರಹಾವು, ಶರಪಂಜರ, ಗೆಜ್ಜೆಪೂಜೆ. ಸ್ವಲ್ಪ ವಯಸ್ಸಾದವರಾದರೆ ಬೆಳ್ಳಿಮೋಡ. ಸ್ವಲ್ಪ 'ಬೋಲ್ಡ್' ಅನ್ನಿಸಿಕೊಳ್ಳಬೇಕು ಅಂತ ಆಸೆ ಇರುವವರಾದರೆ ಎಡಕಲ್ಲು ಗುಡ್ಡದ ಮೇಲೆ. ಸರಿ, ಈಗ ಪ್ರಶ್ನೆ ತಿರುಗಿಸಿ. ಅವರ ಅತಿ ಕೆಟ್ಟ ಚಿತ್ರ ಯಾವುದು?

ತಕ್ಷಣ ಒಂದು ಮೌನ. ದೇವಸ್ಥಾನದ ಒಳಗೆ ಚಪ್ಪಲಿ ಹಾಕ್ಕೊಂಡು ಬಂದವನನ್ನು ನೋಡುವ ಹಾಗೆ ನಿಮ್ಮನ್ನು ನೋಡುತ್ತಾರೆ. "ಪುಟ್ಟಣ್ಣಂಗೆ ಕೆಟ್ಟ ಸಿನಿಮಾನಾ?" ಇನ್ನೂ ಸ್ವಲ್ಪ ಒತ್ತಾಯ ಮಾಡಿದರೆ ಯಾರೋ ಒಬ್ಬರು ಮೆಲ್ಲಗೆ "ಫಲಿತಾಂಶ ಓಡಲಿಲ್ಲ ಬಿಡಿ" ಅನ್ನುತ್ತಾರೆ. ಇನ್ನೊಬ್ಬರು "ಬಿಳಿ ಹೆಂಡ್ತಿ ಅಷ್ಟಕ್ಕಷ್ಟೆ" ಅನ್ನುತ್ತಾರೆ. ಅಲ್ಲಿಗೆ ಚರ್ಚೆ ಮುಗಿಯಿತು. ಎಲ್ಲರೂ ಹಾಡು ಗುನುಗಿಕೊಂಡು ಮನೆಗೆ.

ನನ್ನ ತಕರಾರು ಇರುವುದು ಇಲ್ಲೇ. ಒಬ್ಬ ನಿರ್ದೇಶಕನ ಒಳ್ಳೆಯ ಚಿತ್ರ ಯಾವುದು ಅಂತ ಹೇಳಲು ಬರುತ್ತದೆ, ಕೆಟ್ಟದ್ದು ಯಾವುದು ಅಂತ ಹೇಳಲು ಬರುವುದಿಲ್ಲ ಅಂದರೆ, ಆ ಒಳ್ಳೆಯದೂ ನಮಗೆ ಅರ್ಥ ಆಗಿಲ್ಲ ಅಂತಲೇ ಅರ್ಥ. ಉಪ್ಪು ಗೊತ್ತಿಲ್ಲದವನಿಗೆ ಸಿಹಿ ಏನು ಗೊತ್ತು?

ಚಿತ್ರಬ್ರಹ್ಮ ಅಂತ ಬಿರುದು ಕೊಟ್ಟಿದ್ದೇವೆ. ನಮ್ಮ ಪುರಾಣದ ಬ್ರಹ್ಮನಿಗೆ ಪೂಜೆ ಇಲ್ಲ ಅನ್ನುತ್ತಾರೆ, ಈ ಬ್ರಹ್ಮನಿಗೆ ಮಾತ್ರ ಪೂಜೆ ಬಿಟ್ಟರೆ ಬೇರೇನೂ ಇಲ್ಲ. ಸರ್ಕಾರ ಅವರ ಹೆಸರಲ್ಲಿ ನಿರ್ದೇಶಕರಿಗೆ ಪ್ರಶಸ್ತಿ ಕೊಡುತ್ತದೆ. ಡಿಸೆಂಬರ್ 1 ಬಂದರೆ ಹುಟ್ಟುಹಬ್ಬ, ಜೂನ್ 5 ಬಂದರೆ ಪುಣ್ಯತಿಥಿ. ಎರಡು ದಿನವೂ ಅದೇ ನಾಲ್ಕು ಹಾಡು, ಅದೇ ನಾಲ್ಕು ಮಾತು. 'ಸ್ತ್ರೀ ಸಂವೇದನೆಯ ನಿರ್ದೇಶಕ' ಅನ್ನುವ ಮಾತಂತೂ ಕಡ್ಡಾಯ. ಈ ಮಾತನ್ನು ಹೇಳುವವರಲ್ಲಿ ಎಷ್ಟು ಜನ ಆ ಸಿನಿಮಾಗಳಲ್ಲಿ ಹೆಣ್ಣಿಗೆ ಕೊನೆಗೆ ಏನಾಗುತ್ತದೆ ಅಂತ ಕೂತು ಲೆಕ್ಕ ಹಾಕಿದ್ದಾರೆ? ನಾನು ಹಾಕಿದ್ದೇನೆ. ಅದಕ್ಕೇ ಈ ಜಗಳ.

ಮೊದಲು ನಮ್ಮ ಅಳತೆಗೋಲುಗಳ ಬಗ್ಗೆ ಎರಡು ಮಾತು. ನಾವು ಪುಟ್ಟಣ್ಣನ ಸಿನಿಮಾ ಅಳೆಯುವುದು ಮೂರು ಥರ. ಒಂದು, ಎಷ್ಟು ದಿನ ಓಡಿತು. ಎರಡು, ಯಾವ ಸ್ಟಾರ್ ಹುಟ್ಟಿದ. ಮೂರು, ಹಾಡು ಹೇಗಿದೆ. ಈ ಮೂರರಲ್ಲೂ ನಾಗರಹಾವಿಗೆ ಫುಲ್ ಮಾರ್ಕ್ಸ್. 1972ರ ಸಿನಿಮಾ. ವಿಷ್ಣುವರ್ಧನ್ ಅನ್ನುವ ಹೀರೋ ಸಿಕ್ಕಿದ್ದು, ಜಲೀಲನ ಪಾತ್ರದಲ್ಲಿ ಅಂಬರೀಶ್ ಕಣ್ಣಿಗೆ ಬಿದ್ದದ್ದು, ವಿಜಯಭಾಸ್ಕರ್ ಹಾಡುಗಳು, ಚಿತ್ರದುರ್ಗದ ಕೋಟೆ, ಜಯಂತಿಯ ಓಬವ್ವ. ಇನ್ನೇನು ಬೇಕು? 2018ರಲ್ಲಿ ಹೊಸ ತಂತ್ರಜ್ಞಾನದಲ್ಲಿ ಮತ್ತೆ ಬಿಡುಗಡೆ ಆದಾಗ ಅಪ್ಪ ಮಗ ಜೊತೆಯಾಗಿ ಹೋಗಿ ಶಿಳ್ಳೆ ಹೊಡೆದು ಬಂದರು. ನಾನೂ ಹೊಡೆದೆ, ಸುಳ್ಳು ಯಾಕೆ ಹೇಳಲಿ.

ಆದರೆ ಒಂದು ವಿಷಯ. ಅದೇ ಕಥೆಯನ್ನು ಅದೇ ಪುಟ್ಟಣ್ಣ 1974ರಲ್ಲಿ ಹಿಂದಿಯಲ್ಲಿ ರಿಷಿ ಕಪೂರ್ ಹಾಕಿಕೊಂಡು 'ಜಹ್ರೀಲಾ ಇನ್ಸಾನ್' ಅಂತ ಮಾಡಿದರು. ಮಕಾಡೆ ಮಲಗಿತು. ನಿರ್ದೇಶಕ ಅದೇ, ಕಥೆ ಅದೇ. ಹಾಗಾದರೆ ಓಡಿದ್ದು ಯಾವುದು? ಎಷ್ಟು ದಿನ ಓಡಿತು ಅನ್ನುವುದು ಸಿನಿಮಾದ ಬೆಲೆ ಹೇಳುತ್ತದೆ ಅನ್ನುವವರು ಇದಕ್ಕೆ ಉತ್ತರ ಹೇಳಬೇಕು. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ ಸಿನಿಮಾ ಅದು. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ಆ ಕಾದಂಬರಿಕಾರರೇ ಬೇಸರಪಟ್ಟುಕೊಂಡಿದ್ದರು ಅನ್ನುವ ಮಾತು ಎಲ್ಲರಿಗೂ ಗೊತ್ತಿದೆ. ಅಭಿಮಾನಿಗಳು ಆ ಮಾತನ್ನು ಜೋಕ್ ಥರ ಹೇಳಿಕೊಂಡು ನಗುತ್ತಾರೆ. ಅದರಲ್ಲಿ ಒಂದು ವಿಮರ್ಶೆ ಇದೆ ಅಂತ ಯಾರಿಗೂ ಅನ್ನಿಸುವುದಿಲ್ಲ.

ಇನ್ನೊಂದು ತಮಾಷೆ ನೋಡಿ. ನಾಗರಹಾವಿನಲ್ಲಿ ನಮಗೆ ನೆನಪಿರುವುದು ರಾಮಾಚಾರಿಯ ರೋಷ, ಚಾಮಯ್ಯ ಮೇಷ್ಟ್ರ ಪ್ರೀತಿ. ಅಲಮೇಲು ಏನಾದಳು? ಮೇಷ್ಟ್ರು ಹೇಳಿದರು ಅಂತ ರಾಮಾಚಾರಿ ತ್ಯಾಗ ಮಾಡಿದ. ಅವನು ತ್ಯಾಗ ಮಾಡಿದ್ದು ಯಾರ ಬದುಕನ್ನು? ಬೇರೆಯವನ ಜೊತೆ ಮದುವೆಯಾಗಿ ಹೋದ ಅಲಮೇಲು ಕೊನೆಗೆ ಮೈ ಮಾರಿಕೊಳ್ಳುವ ಸ್ಥಿತಿಗೆ ಬಂದು ಅವನ ಎದುರಿಗೇ ನಿಲ್ಲುತ್ತಾಳೆ. ಆ ದೃಶ್ಯ ನಮ್ಮ ಗುರುಭಕ್ತಿಯ ಕೆನ್ನೆಗೆ ಬಾರಿಸಿದ ಏಟು. ಅದಾದ ಮೇಲೂ ಮೇಷ್ಟ್ರು ಮಾರ್ಗರೆಟ್ ವಿಷಯದಲ್ಲಿ ಅದೇ ಮಾತು ಹೇಳಲು ಬರುತ್ತಾರೆ. ಕೊನೆಗೆ ಮೇಷ್ಟ್ರೂ ಉಳಿಯುವುದಿಲ್ಲ, ರಾಮಾಚಾರಿಯೂ ಉಳಿಯುವುದಿಲ್ಲ, ಮಾರ್ಗರೆಟ್ಟೂ ಉಳಿಯುವುದಿಲ್ಲ. ಪುಟ್ಟಣ್ಣ ಅಲ್ಲಿ ಒಳ್ಳೆಯ ಮೇಷ್ಟ್ರ ಒಳ್ಳೆಯತನವನ್ನೇ ಕಟಕಟೆಗೆ ತಂದಿದ್ದಾರೆ. ನಾವೋ, ಶಿಳ್ಳೆ ಹೊಡೆದು ಮೇಷ್ಟ್ರ ಫೋಟೋಗೆ ಹಾರ ಹಾಕಿ ಬಂದೆವು.

ಇಲ್ಲಿಂದ ನನ್ನ ಅಳತೆಗೋಲು ಶುರು. ತುಂಬಾ ಸರಳ. ಪುಟ್ಟಣ್ಣನ ಹೆಚ್ಚಿನ ಸಿನಿಮಾಗಳ ಕೊನೆಯಲ್ಲಿ ಒಂದು ಜೀವ ಮುರಿಯುತ್ತದೆ. ಸಾವು, ಹುಚ್ಚು, ಒಂಟಿತನ, ಏನೋ ಒಂದು. ಸಿನಿಮಾ ಮುಗಿದು ಲೈಟ್ ಹತ್ತಿದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಇಲ್ಲಿ ತಪ್ಪಿತಸ್ಥರು ಯಾರು ಅಂತ ಈ ಸಿನಿಮಾ ಹೇಳುತ್ತಿದೆ? ಕೂತು ನೋಡಿದ ನಾವೋ, ಅಥವಾ ತೆರೆಯ ಮೇಲೆ ಮುರಿದವರನ್ನು ಬಿಟ್ಟು ಹೋದ ಹೆಣ್ಣೋ?

ಬೆಳ್ಳಿಮೋಡದಿಂದ ಹಿಡಿಯಿರಿ. 1967. ಅದಕ್ಕೂ ಮೊದಲು ಪುಟ್ಟಣ್ಣ ಮಲಯಾಳಂನಲ್ಲಿ ನಿರ್ದೇಶನ ಮಾಡಿದ್ದರು, ಕನ್ನಡದಲ್ಲಿ ಇದೇ ಮೊದಲು. ತ್ರಿವೇಣಿಯವರ ಕಾದಂಬರಿ. ಮನೆಗೆ ಒಬ್ಬಳೇ ಮಗಳು ಅಂತ ಇದ್ದಾಗ ಇಂದಿರೆಯನ್ನು ಮದುವೆಯಾಗಲು ಒಪ್ಪಿದ್ದ ಮೋಹನ, ಅವಳಿಗೆ ತಮ್ಮ ಹುಟ್ಟಿದ, ಆಸ್ತಿ ಅವಳಿಗೆ ಬರುವುದಿಲ್ಲ ಅಂತ ಗೊತ್ತಾದ ಮೇಲೆ ಜಾರಿಕೊಳ್ಳುತ್ತಾನೆ. ಮುಂದೆ ಅವಳ ಆರೈಕೆಯಲ್ಲೇ ಇದ್ದು, ಮನಸ್ಸು ಕರಗಿ, ಮದುವೆಯಾಗೋಣ ಅಂತ ಅವನೇ ಕೇಳುವ ಗಳಿಗೆ ಬರುತ್ತದೆ. ಬೇರೆ ಯಾವ ಸಿನಿಮಾ ಆಗಿದ್ದರೂ ಅಲ್ಲಿ ವಾಲಗ ಊದಿಸಿ ಶುಭಂ ಹಾಕುತ್ತಿದ್ದರು. ಇಂದಿರೆ ಒಲ್ಲೆ ಅನ್ನುತ್ತಾಳೆ. ಅಷ್ಟೇ. ಸಾಯುವುದಿಲ್ಲ, ಹುಚ್ಚಿಯಾಗುವುದಿಲ್ಲ, ಬೇಡ ಅನ್ನುತ್ತಾಳೆ. 1967ರಲ್ಲಿ ಕನ್ನಡದ ನಾಯಕಿ ಕ್ಲೈಮ್ಯಾಕ್ಸಿನಲ್ಲಿ ನಿಂತು ಬೇಡ ಅಂದದ್ದು ಸಣ್ಣ ಮಾತಲ್ಲ. ಈ ವರ್ಷವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೆಜ್ಜೆಪೂಜೆ, 1969. ಎಂ.ಕೆ. ಇಂದಿರಾ ಅವರ ಕಾದಂಬರಿ. ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿ ಬಂತು. ಚಂದ್ರಾ ಹುಟ್ಟಿದ್ದು ಎಲ್ಲಿ ಅನ್ನುವ ಒಂದೇ ಕಾರಣಕ್ಕೆ ಅವಳ ಓದು, ಅವಳ ಗುಣ, ಅವಳ ಪ್ರೀತಿ ಎಲ್ಲ ಲೆಕ್ಕಕ್ಕೆ ಇಲ್ಲದೆ ಹೋಗುತ್ತವೆ. ಕಾಲಿಗೆ ಗೆಜ್ಜೆ ಕಟ್ಟಿಸಿಕೊಳ್ಳುವುದು ಅಂದರೆ ಏನು ಅಂತ ಗೊತ್ತಿದ್ದೇ ಅವಳು ಸಾವನ್ನು ಆರಿಸಿಕೊಳ್ಳುತ್ತಾಳೆ. ಅಲ್ಲಿ ಅವಳಮ್ಮನನ್ನು ಬೈಯಬೇಕು ಅಂತಲೂ ನಿಮಗೆ ಅನ್ನಿಸುವುದಿಲ್ಲ, ಯಾಕೆಂದರೆ ಲೀಲಾವತಿ ಮಾಡಿದ ಆ ತಾಯಿಯೂ ಅದೇ ಬಲೆಯಲ್ಲಿ ಬಿದ್ದವಳು. ಬೈಯಬೇಕಾದದ್ದು ಬೀದಿಯನ್ನು, ಬೀದಿಯಲ್ಲಿ ಸಭ್ಯರಾಗಿ ಓಡಾಡುವವರನ್ನು. ಅಂದರೆ ನಮ್ಮನ್ನು.

ಶರಪಂಜರ, 1971. ಮತ್ತೆ ತ್ರಿವೇಣಿ. ನನ್ನ ಮಟ್ಟಿಗೆ ಪುಟ್ಟಣ್ಣನ ಅತ್ಯುತ್ತಮ ಚಿತ್ರ ಇದು, ಆದರೆ ಎಲ್ಲರೂ ಹೇಳುವ ಕಾರಣಕ್ಕೆ ಅಲ್ಲ. ಎಲ್ಲರೂ ಹೇಳುವುದು ಕಲ್ಪನಾ ಅಭಿನಯ. ನಿಜ ಹೇಳಬೇಕಾದರೆ ಆ ಅಭಿನಯ ಕೆಲವು ಕಡೆ ಈಗ ಜಾಸ್ತಿಯಾಯಿತು ಅನ್ನಿಸುತ್ತದೆ, ನಡುವಿನ ಹಾಸ್ಯದ ತುಣುಕುಗಳಂತೂ ಎಳೆದಾಡಿದ ಹಾಗಿವೆ. ಆದರೆ ಆ ಸಿನಿಮಾ ಮಾಡಿದ ಒಂದು ಕೆಲಸವನ್ನು ಕನ್ನಡದಲ್ಲಿ ಇವತ್ತಿನವರೆಗೂ ಇನ್ನೊಬ್ಬರು ಅಷ್ಟು ನೇರವಾಗಿ ಮಾಡಿದ್ದನ್ನು ನಾನು ನೋಡಿಲ್ಲ. ಕಾವೇರಿಗೆ ಹೆರಿಗೆಯಾದ ಮೇಲೆ ಬುದ್ಧಿ ಕದಡುತ್ತದೆ. ಮದುವೆಗೆ ಮುಂಚಿನ ಒಂದು ಗಾಯ ಮೇಲೆದ್ದು ಬರುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ, ವಾಸಿಯಾಗುತ್ತದೆ, ಮನೆಗೆ ಬರುತ್ತಾಳೆ. ಇಲ್ಲಿಂದ ನಿಜವಾದ ಸಿನಿಮಾ ಶುರು. ಅವಳು ನಕ್ಕರೆ ಹುಚ್ಚು, ಅತ್ತರೆ ಹುಚ್ಚು, ಸಿಟ್ಟು ಮಾಡಿದರೆ ಹುಚ್ಚು, ಸುಮ್ಮನಿದ್ದರೆ ಇನ್ನೂ ದೊಡ್ಡ ಹುಚ್ಚು. ಅಕ್ಕಪಕ್ಕದವರಿಗೆ ಅವಳು ಮನುಷ್ಯಳಲ್ಲ, ಸುದ್ದಿ. ಗಂಡನಿಗೆ ಅವಳ ಹಳೆಯದೊಂದು ತಪ್ಪು ನುಂಗಲಾರದ ಮುಳ್ಳು, ಅವನ ಇವತ್ತಿನ ಸಂಬಂಧ ಮಾತ್ರ ತಪ್ಪೇ ಅಲ್ಲ. ಆಸ್ಪತ್ರೆ ವಾಸಿ ಮಾಡಿ ಕಳಿಸಿದ್ದನ್ನು ಮನೆ ಕೆಡಿಸಿ ವಾಪಸ್ ಕಳಿಸುತ್ತದೆ.

ನಮ್ಮ ಅತ್ತೆಯೊಬ್ಬರು ಈ ಸಿನಿಮಾ ಟಿವಿಯಲ್ಲಿ ಬಂದಾಗ ಕೊನೆಯ ಅರ್ಧ ಗಂಟೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ಯಾಕತ್ತೆ ಅಂತ ಕೇಳಿದರೆ "ಅವಳಿಗೆ ಏನೂ ಆಗಿರಲಿಲ್ಲ ಕಣೋ, ಆಗಿದ್ದೆಲ್ಲಾ ಉಳಿದವರಿಗೆ" ಅಂದಿದ್ದರು. ಶರಪಂಜರದ ಬಗ್ಗೆ ಬಂದ ಎಷ್ಟೋ ಲೇಖನಗಳಲ್ಲಿ ಇಷ್ಟು ಒಳ್ಳೆಯ ವಿಮರ್ಶೆ ನನಗೆ ಸಿಕ್ಕಿಲ್ಲ.

ಗಮನಿಸಿ, ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಬೆಳ್ಳಿಮೋಡವನ್ನೂ ನೋಡಲಿಲ್ಲ, ಶರಪಂಜರವನ್ನೂ ನೋಡಲಿಲ್ಲ. 1963ರಲ್ಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು. ಪುಟ್ಟಣ್ಣನ ಹುಟ್ಟುಹಬ್ಬಕ್ಕೆ ಪೋಸ್ಟರ್ ಹಂಚುವ ನಾವು ಆ ಹೆಣ್ಣುಮಗಳ ಹೆಸರನ್ನು ಅದರ ಮೂಲೆಯಲ್ಲಾದರೂ ಹಾಕಿದ್ದೇವಾ? ತ್ರಿವೇಣಿ, ಎಂ.ಕೆ. ಇಂದಿರಾ, 'ಉಪಾಸನೆ'ಯ ದೇವಕಿ ಮೂರ್ತಿ, 'ಶುಭಮಂಗಳ'ದ ವಾಣಿ, 'ಋಣಮುಕ್ತಳು' ಚಿತ್ರಕ್ಕೆ ಕಥೆ ಕೊಟ್ಟ ಅನುಪಮಾ ನಿರಂಜನ. ಈ ಹೆಂಗಸರ ಕಾದಂಬರಿಗಳನ್ನು ಹುಡುಕಿ ಹುಡುಕಿ ಓದಿ ಆರಿಸಿಕೊಂಡದ್ದು ಪುಟ್ಟಣ್ಣನ ದೊಡ್ಡತನ. ಆದರೆ ಆ ದೊಡ್ಡತನದಲ್ಲಿ ಅವರಿಗೂ ಪಾಲಿದೆ. ಬೇಂದ್ರೆಯವರ ಕವಿತೆ ಹಾಡಾಗಿ ಬಂದದ್ದಕ್ಕೆ ನಾವು ಬೇಂದ್ರೆಯವರಿಗೆ ಕೈ ಮುಗಿಯುತ್ತೇವೆ, ಸರಿಯೇ. ಕಥೆ ಕೊಟ್ಟವರನ್ನು ಯಾಕೆ ಮರೆಯುತ್ತೇವೆ?

ಎಡಕಲ್ಲು ಗುಡ್ಡದ ಮೇಲೆ, 1973. ಭಾರತೀಸುತರ ಕಾದಂಬರಿ. ಇದು ನನ್ನ ತಕ್ಕಡಿಯಲ್ಲಿ ಮಧ್ಯದಲ್ಲಿ ತೂಗುತ್ತದೆ. ಗಂಡನಿಂದ ದೇಹಸುಖ ಸಿಗದ ಹೆಣ್ಣಿನ ಆಸೆಯನ್ನು ಆಸೆ ಅಂತಲೇ ತೋರಿಸಿದ್ದು, ಜಯಂತಿ ಅದನ್ನು ಅಷ್ಟು ಘನತೆಯಿಂದ ಮಾಡಿದ್ದು ಧೈರ್ಯದ ಕೆಲಸ. ಅರ್ಧ ದಾರಿಯ ತನಕ ಸಿನಿಮಾ ಮಾಧವಿಯ ಪಕ್ಕದಲ್ಲೇ ನಡೆಯುತ್ತದೆ. ಆಮೇಲೆ ಯಾಕೋ ಭಯ ಬಿದ್ದವರ ಹಾಗೆ ಎರಡು ಹೆಜ್ಜೆ ಹಿಂದೆ ಸರಿಯುತ್ತದೆ. ಕೊನೆಯ ದುರಂತ ಊರಿನ ತಪ್ಪು ಅನ್ನುವುದಕ್ಕಿಂತ ಅವಳು ಮಾಡಿದ್ದಕ್ಕೆ ಬಂದ ಫಲ ಅನ್ನುವ ಹಾಗೆ ಕಾಣುತ್ತದೆ. ಸಿನಿಮಾ ನೋಡಿ ಹೊರಗೆ ಬಂದ ಗಂಡಸು "ಹೆಂಗಸು ಹದ್ದು ಮೀರಬಾರದು" ಅಂತ ಪಾಠ ಕಲಿತು ಹೋಗಲು ಅಲ್ಲಿ ಜಾಗ ಇದೆ. ಶರಪಂಜರ ನೋಡಿ ಹಾಗೆ ಹೋಗಲು ಜಾಗ ಇಲ್ಲ. ವ್ಯತ್ಯಾಸ ಇಷ್ಟೇ, ಆದರೆ ಇದೇ ಎಲ್ಲ.

ಈಗ ಬರುತ್ತೇನೆ, ಎಲ್ಲರೂ ನನಗೆ ಕಲ್ಲು ಹೊಡೆಯುವ ಜಾಗಕ್ಕೆ.

ಪುಟ್ಟಣ್ಣನ ಅತಿ ಕೆಟ್ಟ ಸಿನಿಮಾ ಫಲಿತಾಂಶ ಅಲ್ಲ. ಬಿಳಿ ಹೆಂಡ್ತಿಯೂ ಅಲ್ಲ. ನನ್ನ ಪ್ರಕಾರ 1982ರ ಮಾನಸ ಸರೋವರ.

ಗೊತ್ತು, ಗೊತ್ತು. ಶ್ರೀನಾಥ್ ಅಭಿನಯ. ವಿಜಯಭಾಸ್ಕರ್ ಸಂಗೀತ. ಜಿ.ಎಸ್. ಶಿವರುದ್ರಪ್ಪನವರ ಕವಿತೆಗಳು. ಆ ಗಿಳಿಯ ಹಾಡು. ನನ್ನ ಫೋನಿನಲ್ಲೂ ಆ ಹಾಡುಗಳಿವೆ, ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕೇಳಿದರೆ ನನಗೂ ಗಂಟಲು ಕಟ್ಟುತ್ತದೆ. ಅದೇ ಅಪಾಯ. ಹಾಡು ಚೆನ್ನಾಗಿದ್ದಷ್ಟೂ ಅದು ಹೊತ್ತು ತರುವ ಸರಕನ್ನು ನಾವು ತಪಾಸಣೆ ಮಾಡುವುದಿಲ್ಲ.

ಸರಕು ಏನು ನೋಡಿ. ಡಾಕ್ಟರ್ ಆನಂದ್ ಮನೋವೈದ್ಯ. ಬುದ್ಧಿ ಕೆಟ್ಟಿದ್ದ ವಾಸಂತಿ ಅನ್ನುವ ಹುಡುಗಿಗೆ ಚಿಕಿತ್ಸೆ ಕೊಟ್ಟು ವಾಸಿ ಮಾಡುತ್ತಾನೆ. ಅವಳನ್ನು ಪ್ರೀತಿಸುತ್ತಾನೆ. ವಾಸಿಯಾದ ಹುಡುಗಿ ತನ್ನ ವಯಸ್ಸಿಗೆ ತಕ್ಕ ಇನ್ನೊಬ್ಬ ಹುಡುಗನನ್ನು ಇಷ್ಟಪಡುತ್ತಾಳೆ. ಡಾಕ್ಟರಿಗೇ ಹುಚ್ಚು ಹಿಡಿಯುತ್ತದೆ. ನಾವು ಅಳುತ್ತೇವೆ. ಯಾರಿಗಾಗಿ? ಡಾಕ್ಟರಿಗಾಗಿ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುತ್ತೇವೆ? ಆ ಹುಡುಗಿಯ ಮೇಲೆ.

ಒಂದು ನಿಮಿಷ ಹಾಡು ನಿಲ್ಲಿಸಿ ಯೋಚನೆ ಮಾಡಿ. ಅವಳು ಮಾಡಿದ ತಪ್ಪೇನು? ವಾಸಿಯಾದದ್ದು. ರೋಗಿ ವಾಸಿಯಾದ ಮೇಲೆ ತನಗೆ ಬೇಕಾದ ಹಾಗೆ ಬದುಕುವುದೇ ಅಲ್ಲವಾ ಚಿಕಿತ್ಸೆಯ ಉದ್ದೇಶ? ಜ್ವರ ಬಿಡಿಸಿದ ಡಾಕ್ಟರು ಬಿಲ್ಲಿನ ಬದಲು ಪ್ರೀತಿ ಕೊಡು ಅಂದರೆ ಅವನನ್ನು ನಾವು ಏನಂತ ಕರೆಯುತ್ತೇವೆ? ಅದರಲ್ಲೂ ಮನಸ್ಸಿನ ಡಾಕ್ಟರು, ತನ್ನನ್ನೇ ನಂಬಿಕೊಂಡು ಕೂತ ರೋಗಿಯನ್ನು ಆಸೆಪಡುವುದು ಎಂಥ ಗಂಭೀರ ತಪ್ಪು! ಸಿನಿಮಾ ಈ ಪ್ರಶ್ನೆಯ ಹತ್ತಿರ ಬಂದು ನಿಲ್ಲುವುದೇ ಇಲ್ಲ. ಗಿಳಿ ಸಾಕಿದವನ ನೋವು ಮಾತ್ರ ಅದಕ್ಕೆ ಕಾಣುತ್ತದೆ. ಗಿಳಿಗೆ ರೆಕ್ಕೆ ಇದೆ, ಅದು ಹಾರಲು ಇರುವುದು ಅನ್ನುವುದು ಕಾಣುವುದಿಲ್ಲ. ಹಾರಿದ್ದೇ ದ್ರೋಹ.

ಈಗ ಎರಡು ಸಿನಿಮಾ ಪಕ್ಕಪಕ್ಕ ಇಡಿ. 1971ರಲ್ಲಿ ಒಬ್ಬ ಹೆಣ್ಣಿಗೆ ಹುಚ್ಚು ಹಿಡಿಯುತ್ತದೆ, ಸಿನಿಮಾ ಕೇಳುತ್ತದೆ: ಇವಳನ್ನು ಹುಚ್ಚಿ ಮಾಡಿದ್ದು ಯಾರು? ಉತ್ತರ: ಮನೆ, ಬೀದಿ, ಗಂಡ, ನೀವು. 1982ರಲ್ಲಿ ಒಬ್ಬ ಗಂಡಿಗೆ ಹುಚ್ಚು ಹಿಡಿಯುತ್ತದೆ, ಸಿನಿಮಾ ಕೇಳುತ್ತದೆ: ಇವನನ್ನು ಹುಚ್ಚ ಮಾಡಿದ್ದು ಯಾರು? ಉತ್ತರ: ಹೆಣ್ಣು. ಅದೇ ನಿರ್ದೇಶಕ, ಅದೇ ಕಾಯಿಲೆ, ಪೂರ್ತಿ ಉಲ್ಟಾ ತೀರ್ಪು. ಕಾವೇರಿಗೆ ಹುಚ್ಚು ಹಿಡಿದಾಗ ನಾವು ಅವಳ ತಲೆಯ ಒಳಗೆ ಕೂತು ಹೊರಗಿನವರನ್ನು ನೋಡಿದೆವು. ವಾಸಂತಿ ವಾಸಿಯಾದ ಮೇಲೆ ಅವಳ ತಲೆಯ ಒಳಗೆ ಹೋಗಲು ನಮಗೆ ಬಾಗಿಲೇ ಇಲ್ಲ. ಹುಚ್ಚಿಯಾಗಿದ್ದಾಗ ಇದ್ದ ಕರುಣೆ ಅವಳಿಗೆ ಬುದ್ಧಿ ಬಂದ ಮೇಲೆ ಇಲ್ಲ!

ಕೆಟ್ಟ ಸಿನಿಮಾ ಅಂದರೆ ನನ್ನ ಅರ್ಥ ಇದು. ಸೋತ ಸಿನಿಮಾ ಬೇರೆ, ಕೆಟ್ಟ ಸಿನಿಮಾ ಬೇರೆ. ಸೋತದ್ದು ಮರೆತು ಹೋಗುತ್ತದೆ, ಯಾರಿಗೂ ತೊಂದರೆ ಇಲ್ಲ. ಚೆನ್ನಾಗಿ ಮಾಡಿದ ಕೆಟ್ಟ ಸಿನಿಮಾ ಮನಸ್ಸಿನಲ್ಲಿ ಉಳಿಯುತ್ತದೆ. ಪ್ರೀತಿ ನಿರಾಕರಿಸಿದ ಹುಡುಗಿಗೆ ಶಾಪ ಹಾಕುತ್ತಾ ಗಡ್ಡ ಬಿಟ್ಟುಕೊಂಡು ಓಡಾಡುವ ಎಷ್ಟು ನಾಯಕರನ್ನು ಆಮೇಲೆ ಕನ್ನಡ ಸಿನಿಮಾ ನಮಗೆ ಕೊಟ್ಟಿತು ಅಂತ ನಾನು ಪಟ್ಟಿ ಕೊಡಬೇಕಾಗಿಲ್ಲ. ಅವರೆಲ್ಲರ ಅಪ್ಪ ಡಾಕ್ಟರ್ ಆನಂದ್ ಒಬ್ಬನೇ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಅಳುವಿಗೆ ಮರ್ಯಾದೆ ತಂದುಕೊಟ್ಟವರಲ್ಲಿ ಅವನೂ ಒಬ್ಬ.

ಇದಕ್ಕೆ ಬರುವ ಉತ್ತರಗಳು ನನಗೆ ಬಾಯಿಪಾಠ. ಒಂದೊಂದಾಗಿ ನೋಡೋಣ.

"ಅದು ಪುಟ್ಟಣ್ಣನ ಸ್ವಂತ ನೋವಿನ ಕಥೆ, ಅದನ್ನು ಹಾಗೆ ನೋಡಬಾರದು." ಈ ಗುಸುಗುಸು ಎಲ್ಲರೂ ಕೇಳಿದ್ದೇವೆ. ಯಾರ ಮನೆಯ ಒಳಗಿನ ಮಾತೂ ನನಗೆ ಬೇಡ, ಅದರ ಉಸಾಬರಿ ಮಾಡುವುದು ಸಭ್ಯತೆಯೂ ಅಲ್ಲ. ಆದರೆ ವಾದಕ್ಕೆ ಒಪ್ಪೋಣ. ಸ್ವಂತ ನೋವಾದರೆ ತೀರ್ಪು ಸರಿಯಾಗುತ್ತದಾ? ನಮ್ಮ ಗಾಯದ ಬಗ್ಗೆ ನಾವೇ ನ್ಯಾಯಾಧೀಶರಾದರೆ ಎದುರಿನವರಿಗೆ ಯಾವತ್ತೂ ಶಿಕ್ಷೆಯೇ. ಕಾವೇರಿ ಪುಟ್ಟಣ್ಣ ಆಗಿರಲಿಲ್ಲ, ಅದಕ್ಕೇ ಅವಳಿಗೆ ನ್ಯಾಯ ಸಿಕ್ಕಿತು ಅನ್ನಿಸುತ್ತದೆ ನನಗೆ.

"ಆ ಕಾಲ ಹಾಗಿತ್ತು, ಇವತ್ತಿನ ಕನ್ನಡಕ ಹಾಕಿ ನೋಡಬೇಡಿ." ಇದಕ್ಕೇ ನಾನು 1967 ನೆನಪಿಟ್ಟುಕೊಳ್ಳಿ ಅಂದದ್ದು. ಬೆಳ್ಳಿಮೋಡದ ಇಂದಿರೆ ಬೇಡ ಅಂದಾಗ ಸಿನಿಮಾ ಅವಳ ಪಕ್ಕ ನಿಂತಿತು. ಹದಿನೈದು ವರ್ಷ ಆದಮೇಲೆ ಇನ್ನೊಬ್ಬಳು ಬೇಡ ಅಂದಾಗ ಅವಳನ್ನು ಬಿಟ್ಟುಕೊಟ್ಟಿತು. ನಾನು ಹಾಕಿಕೊಂಡಿರುವುದು ಇವತ್ತಿನ ಕನ್ನಡಕ ಅಲ್ಲ ಸ್ವಾಮಿ, ಪುಟ್ಟಣ್ಣನದೇ ಹಳೆಯ ಕನ್ನಡಕ. ಇಷ್ಟಕ್ಕೂ ಆ ಹದಿನೈದು ವರ್ಷದಲ್ಲಿ ಕನ್ನಡ ಸಿನಿಮಾ ಸುಮ್ಮನೆ ಕೂತಿರಲಿಲ್ಲ. 1970ರಲ್ಲಿ ಸಂಸ್ಕಾರ ಬಂದಿತ್ತು. 1977ರಲ್ಲಿ ಗಿರೀಶ್ ಕಾಸರವಳ್ಳಿ ಘಟಶ್ರಾದ್ಧ ಮಾಡಿದ್ದರು. ಅನಂತಮೂರ್ತಿಯವರ ಆ ಕಥೆಯಲ್ಲಿ ಬದುಕಿರುವ ಯಮುನಕ್ಕನಿಗೆ ಶ್ರಾದ್ಧ ಮಾಡುತ್ತಾರೆ. ಅದನ್ನು ನಾಣಿ ಅನ್ನುವ ಸಣ್ಣ ಹುಡುಗನ ಕಣ್ಣಲ್ಲಿ ನೋಡಿದ ಮೇಲೆ ತಪ್ಪು ಯಾರದು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ಕಲಾತ್ಮಕ ಸಿನಿಮಾದವರ ಥರ ಮಾತಾಡಬೇಡಿ, ಪುಟ್ಟಣ್ಣ ಜನರ ನಿರ್ದೇಶಕ." ಅದೇ ನಾನೂ ಹೇಳುವುದು. ಅಂಥ ಸಿನಿಮಾ ನೋಡಿದವರಿಗಿಂತ ಎಷ್ಟೋ ಪಟ್ಟು ಜನ ಪುಟ್ಟಣ್ಣನ ಸಿನಿಮಾ ನೋಡಿದರು. ಟಾಕೀಸಿನ ಮುಂದಿನ ಬೆಂಚಿನಲ್ಲಿ ಕೂತವರಿಗೂ ಗೆಜ್ಜೆಪೂಜೆ ಅರ್ಥವಾಯಿತು. ಹಾಗಿದ್ದ ಮೇಲೆ ಅವರು ಹೇಳಿದ ಮಾತಿನ ಜವಾಬ್ದಾರಿಯೂ ದೊಡ್ಡದು. ಭಾರತಿರಾಜಾ ಅಂಥವರು ಅವರ ಸಹಾಯಕರಾಗಿ ಕೆಲಸ ಕಲಿತರು. ಪಡುವಾರಹಳ್ಳಿ ಪಾಂಡವರು ಹಿಂದಿಗೆ ಹೋಗಿ 1980ರಲ್ಲಿ 'ಹಮ್ ಪಾಂಚ್' ಆಯಿತು. ಇಷ್ಟು ದೂರ ಕೇಳಿಸುವ ದನಿಯನ್ನು ನಾವು ಪ್ರಶ್ನೆ ಮಾಡದೆ ಬಿಟ್ಟರೆ ಅದು ಅಭಿಮಾನ ಅಲ್ಲ, ಸೋಮಾರಿತನ.

"ಸತ್ತವರ ಬಗ್ಗೆ ಕೆಟ್ಟದ್ದು ಮಾತಾಡಬಾರದು." ಇದಕ್ಕೆ ನನ್ನ ಹತ್ತಿರ ಒಂದೇ ಉತ್ತರ. ಪುಟ್ಟಣ್ಣ 1985ರಲ್ಲಿ, ಐವತ್ತೊಂದನೇ ವಯಸ್ಸಿಗೆ ಹೋದರು. ಕೈಯಲ್ಲಿದ್ದ ಮಸಣದ ಹೂವನ್ನು ಕೆ.ಎಸ್.ಎಲ್. ಸ್ವಾಮಿ ಮುಗಿಸಿದರು. ವರ್ಷಗಟ್ಟಲೆ ಅರ್ಧಕ್ಕೇ ನಿಂತಿದ್ದ 'ಸಾವಿರ ಮೆಟ್ಟಿಲು' ಸಿನಿಮಾವನ್ನೂ ಅವರೇ ಪೂರ್ತಿ ಮಾಡಿ 2006ರಲ್ಲಿ ಜನರಿಗೆ ತೋರಿಸಿದರು. ಅದು ನಿಜವಾದ ಗೌರವ. ಬಿಟ್ಟು ಹೋದ ಕೆಲಸವನ್ನು ಕೈಗೆತ್ತಿಕೊಳ್ಳುವುದು. ನೋಡುವವರಾದ ನಮ್ಮ ಪಾಲಿಗೆ ಬಂದ ಕೆಲಸ ಜಗಳ ಆಡುವುದು. ಜಗಳ ಆಡದ ಸಿನಿಮಾ ಸತ್ತ ಸಿನಿಮಾ. ಹಾರ ಹಾಕಿದ ಫೋಟೋದಲ್ಲಿ ಇರುವುದೂ ಅದೇ ತಾನೆ?

ಇನ್ನು ಸೋತವುಗಳ ಪರ ಎರಡು ಮಾತು ಹೇಳದಿದ್ದರೆ ಅನ್ಯಾಯ. 1976ರ ಕಥಾಸಂಗಮ ನೋಡಿ. ಒಂದೇ ಸಿನಿಮಾದಲ್ಲಿ ಗಿರಡ್ಡಿ ಗೋವಿಂದರಾಜ, ವೀಣಾ, ಈಶ್ವರಚಂದ್ರ ಮೂವರ ಮೂರು ಸಣ್ಣಕಥೆಗಳು. ರಜನೀಕಾಂತ್ ಅದರಲ್ಲಿ ನಟಿಸಿದರು ಅನ್ನುವ ಒಂದೇ ಕಾರಣಕ್ಕೆ ಇವತ್ತು ಅದರ ಹೆಸರು ಬರುತ್ತದೆ. ಜನಪ್ರಿಯತೆಯ ತುದಿಯಲ್ಲಿದ್ದ ಒಬ್ಬ ನಿರ್ದೇಶಕ ಕಾದಂಬರಿಯ ಆಸರೆ ಬಿಟ್ಟು ಸಣ್ಣಕಥೆಗೆ ಕೈ ಹಾಕಿದ್ದು ಎಂಥ ಹುಚ್ಚು ಧೈರ್ಯ ಅಂತ ಯಾರೂ ಮಾತಾಡುವುದಿಲ್ಲ. ಅದೇ ವರ್ಷದ ಕಾಲೇಜು ರಂಗ, ಬಿ.ಜಿ.ಎಲ್. ಸ್ವಾಮಿಯವರಂಥ ತುಂಟ ಲೇಖಕರ ಕೃತಿಯನ್ನು ಸಿನಿಮಾ ಮಾಡಲು ಹೊರಟದ್ದು. ಎಡವಿರಬಹುದು, ಆದರೆ ಹೊಸ ದಾರಿಯಲ್ಲಿ ಎಡವಿದ್ದು. ಅಂಥ ಸೋಲಿಗೆ 'ಕೆಟ್ಟದ್ದು' ಅಂತ ಚೀಟಿ ಅಂಟಿಸುವ ನಾವು, ಗೆದ್ದದ್ದಕ್ಕೆಲ್ಲ 'ಶ್ರೇಷ್ಠ' ಅಂತ ಅಂಟಿಸುತ್ತೇವೆ. ಸಂತೆಯಲ್ಲಿ ದನ ಕೊಳ್ಳುವವನೂ ಇದಕ್ಕಿಂತ ಹುಷಾರಾಗಿ ಹಲ್ಲು ಎಣಿಸುತ್ತಾನೆ.

ರಂಗನಾಯಕಿ (1981) ಬಗ್ಗೆ ನೀವು ಕೇಳೇ ಕೇಳುತ್ತೀರಿ. ಅದು ಎರಡು ಸಿನಿಮಾ. ನಾಟಕ ಕಂಪನಿಯ ಮೊದಲ ಭಾಗ ಶರಪಂಜರದ ಪಕ್ಕದಲ್ಲಿ ಕೂರಲು ಯೋಗ್ಯ. ಬಣ್ಣ ಹಚ್ಚಿದ ಹೆಂಗಸು ಮನೆಗೆ ಬೇಕು, ಅವಳ ಬಣ್ಣ ಮಾತ್ರ ಬೇಡ ಅನ್ನುವ ಗಂಡಸನ್ನು ಇಷ್ಟು ಚೆನ್ನಾಗಿ ತೋರಿಸಿದ ಸಿನಿಮಾ ಕಡಿಮೆ. ತಾಯಿ ಅಂತ ತಿಳಿಯದೆ ಮಗನೇ ಅವಳ ಮೇಲೆ ಮೋಹಗೊಳ್ಳುವ ಎರಡನೇ ಭಾಗಕ್ಕೆ ಬಂದಾಗ, ಅವಳ ಕಲೆಯ ಪ್ರಶ್ನೆ ಕೈಬಿಟ್ಟು ಹೋಗಿ ತಾಯ್ತನದ ಪರೀಕ್ಷೆ ಶುರುವಾಗುತ್ತದೆ. ಅಷ್ಟಾದರೂ ಆರತಿ ಅದನ್ನು ಹೊತ್ತು ದಾಟಿಸುತ್ತಾರೆ.

ಸರಿ, ಅಳತೆಗೋಲು ಕೊಟ್ಟ ಮೇಲೆ ಲೆಕ್ಕವನ್ನೂ ಕೊಡಬೇಕಲ್ಲ. ಇದೋ ನನ್ನ ಪಟ್ಟಿ:

1. ಶರಪಂಜರ. ತಪ್ಪಿತಸ್ಥರು ನಾವು, ತಪ್ಪಿಸಿಕೊಳ್ಳಲು ದಾರಿ ಇಲ್ಲ.
2. ಗೆಜ್ಜೆಪೂಜೆ. ತಪ್ಪಿತಸ್ಥರು ಮತ್ತೆ ನಾವೇ, ಅಳಲು ಮಾತ್ರ ಅವಕಾಶ ಉಂಟು.
3. ಬೆಳ್ಳಿಮೋಡ. ಆ ಒಂದು 'ಬೇಡ'ಕ್ಕಾಗಿ.
4. ನಾಗರಹಾವು. ಅಲಮೇಲುಗಾಗಿ, ರಾಮಾಚಾರಿಗಾಗಿ ಅಲ್ಲ.
5. ರಂಗನಾಯಕಿಯ ಮೊದಲರ್ಧ.

ಕಟ್ಟಕಡೆಗೆ, ಪಟ್ಟಿಯ ಆ ತುದಿಯಲ್ಲಿ, ಎಲ್ಲ ಸೋತ ಸಿನಿಮಾಗಳನ್ನೂ ದಾಟಿ, ಮಾನಸ ಸರೋವರ. ಹಾಡುಗಳ ಸಮೇತ.

ಬೈಯುವುದಾದರೆ ಧಾರಾಳವಾಗಿ ಬೈಯಿರಿ. ಇಪ್ಪತ್ತಕ್ಕೂ ಹೆಚ್ಚು ಕನ್ನಡ ಚಿತ್ರಗಳಿವೆ, ನಿಮ್ಮ ಪಟ್ಟಿ ಬೇರೆ ಆಗಿರಬಹುದು, ಆಗಬೇಕು. ಆದರೆ ಒಂದೇ ಕಂಡೀಷನ್. ಹಾಡು ಕೇಳಿ ಬೈಯಬೇಡಿ, ಸಿನಿಮಾ ನೋಡಿ ಬೈಯಿರಿ. ನೋಡುವಾಗ ಶ್ರೀನಾಥ್ ಮುಖದಿಂದ ಒಂದೆರಡು ನಿಮಿಷ ಕಣ್ಣು ತೆಗೆದು ಪದ್ಮಾ ವಾಸಂತಿಯವರ ಮುಖ ನೋಡಿ. ಆ ಹುಡುಗಿಗೆ ಏನು ಬೇಕಾಗಿತ್ತು ಅಂತ ಸಿನಿಮಾದಲ್ಲಿ ಯಾರಾದರೂ ಒಬ್ಬರು ಅವಳನ್ನು ಕೂರಿಸಿಕೊಂಡು ನಿಧಾನವಾಗಿ ಕೇಳಿದರಾ? ಕೇಳಿದ್ದಾರೆ ಅಂತ ಆ ದೃಶ್ಯ ತೋರಿಸಿಕೊಡಿ. ಆಮೇಲೆ ಮಾತಾಡೋಣ.